ಅತ್ತೆ ಮಾತಾಡದ ಭಾನುವಾರ

ಒಂಬತ್ತು ಜನ, ಒಂದು ಓಮ್ನಿ,
ಡಬ್ಬಿ ತುಂಬ ಪುಂಡಿ, ವಾಂತಿಗೆಂದು ಎರಡು ನಿಂಬೆಹಣ್ಣು.
ಗುಡ್ಡೆಹೊಸೂರು ಬರುವ ಮೊದಲೇ ಜಗಳ:
ತಲೆಗೆ ಇನ್ನೂರೈವತ್ತು ಟಿಕೆಟ್ಟೆಂದು
ನಾದಿನಿಯ ಗಂಡ ಬಾಯಿಬಿಟ್ಟ.
"ಹಣ್ಣು ತಿನ್ನೋಕೆ ದುಡ್ಡು, ಸರಿ.
ಮರ ನೋಡೋಕೂ ದುಡ್ಡಾ?"
ಎಂದ ಅತ್ತೆ ಕಿಟಕಿಗೆ ತಿರುಗಿ ಕೂತರು.

ಸುಂಟಿಕೊಪ್ಪದಲ್ಲಿ ಇಳಿದು ಎಲೆಅಡಿಕೆ ಕೊಂಡೆವು.
ಅಲ್ಲಿಂದ ಮಾದಾಪುರದ ಕಡೆಗೆ,
ಆನೆಗೆಂದು ಎಳೆದ ತಂತಿಬೇಲಿಯ ಪಕ್ಕಪಕ್ಕವೇ.

ತೋಟ ತೋರಿಸುವ ಹುಡುಗನ ಹೆಸರು ಸಜೀರ್.
ಜಿಗಣೆ ಹತ್ತದಿರಲೆಂದು ಎಲ್ಲರ ಕಾಲಿಗೂ
ಸುಣ್ಣ, ಹೊಗೆಸೊಪ್ಪು ಕಲಸಿ ಸವರಿದ.
ರಂಬುಟಾನ್ ಗೊಂಚಲು ಕಂಡದ್ದೇ
"ಕಂಬಳಿಹುಳ!" ಎಂದು ಚೀರಿ ಕೃತಿಕ್ ಹಿಂದೆ ಸರಿದ.
ಒಂದರ ರುಚಿ ಹತ್ತಿದ ಮೇಲೆ
ಮೂವತ್ತೆರಡು ಕಂಬಳಿಹುಳ ತಿಂದ; ನಾನೇ ಎಣಿಸಿದೆ.
ಬೆಣ್ಣೆಹಣ್ಣಿನ ಮರದಡಿ ಯಾರೂ ನಿಲ್ಲಲಿಲ್ಲ,
ಅದು ನಮ್ಮ ಬೀದಿಯಲ್ಲೂ ಉದುರುತ್ತದೆ.
ದುರಿಯನ್‌ಗೆ ದೂರದಿಂದಲೇ ನಮಸ್ಕಾರ.
"ಮಳೆಗೆ ನೆನೆದ ಈರುಳ್ಳಿ ಮೂಟೆ" ಎಂದರು ನಮ್ಮವರು,
ಮಂಡಿಯಲ್ಲಿ ಲೆಕ್ಕ ಬರೆಯುವವರಿಗೆ ಬೇರೆ ಉಪಮೆ ಎಲ್ಲಿಂದ ಬರಬೇಕು.

ಆಮೇಲೆ ಮ್ಯಾಂಗೋಸ್ಟೀನ್.
ಕರಿನೇರಳೆ ಮೈ, ತಲೆಗೆ ಹಸಿರು ಟೋಪಿ,
ಬುಡದಲ್ಲಿ ಯಾರೋ ಅಚ್ಚೊತ್ತಿದಂಥ ಪುಟ್ಟ ಹೂವು.
"ಇದರ ಎಸಳು ಎಣಿಸಿ ಅಕ್ಕ,
ಒಳಗೆ ಅಷ್ಟೇ ತೊಳೆ."
ಆರು, ಎಂದೆವು.
ಅಂಗೈಗಳ ನಡುವೆ ಒತ್ತಿ ಬಿಚ್ಚಿದ.
ಆರು.
ನೋಡಲು ಬೆಳ್ಳುಳ್ಳಿ, ಬಾಯಿಗೆ ಎಳನೀರ ಗಂಜಿ.

ಏಕೋ ನನಗೆ ಆಗ ಸಿಟ್ಟು ಬಂತು.
ಹದಿನಾಲ್ಕು ವರ್ಷದ ಹಿಂದೆ, ತಾಂಬೂಲ ಬದಲಿಸುವ ಮೊದಲು,
ಈ ಮನೆಯ ಬುಡ ತಿರುಗಿಸಿ ಯಾರಾದರೂ ತೋರಿಸಬಾರದಿತ್ತೆ:
ಇಷ್ಟು ತೊಳೆ, ಇಷ್ಟು ಬೀಜ, ಇಷ್ಟು ಒಗರು ಸಿಪ್ಪೆ?

ಆರು ತೊಳೆ, ಒಂಬತ್ತು ಬಾಯಿ.
ಬೀಜವಿದ್ದ ದೊಡ್ಡದು ಅತ್ತೆಗೆ ಹೋಯಿತು.
ಅವರು ಕಣ್ಣು ಮುಚ್ಚಿದರು.
ತೆರೆದ ಮೇಲೂ ಏನೂ ಹೇಳಲಿಲ್ಲ.
"ಬೀಜ ಇಲ್ಲಿ ಹಾಕಿ," ಬುಟ್ಟಿ ಹಿಡಿದ ಸಜೀರ್,
"ಹೊರಗೆ ಒಯ್ಯೋ ಹಾಗಿಲ್ಲ. ಧಣಿಗಳ ಕಟ್ಟುನಿಟ್ಟು."
ಉಗಿದೆವು.

ಪುಂಡಿ ಬಿಚ್ಚಿದರೆ ಅತ್ತೆ ತಲೆಯಾಡಿಸಿದರು.
ನೀರು? ಬೇಡ.
ಎಲೆಅಡಿಕೆ?
ಅದೂ ಬೇಡ ಎಂದಾಗ ನಮ್ಮವರ ಮುಖ ಬಿಳುಚಿತು.
"ಟಿಕೆಟ್ಟಿಗೆ ಇಷ್ಟು ಮುನಿಸಾ ಅಮ್ಮಾ?"
ನಾದಿನಿ ಗಂಡನನ್ನು ಕಾಫಿಗಿಡಗಳ ಸಂದಿಗೆ ಕರೆದೊಯ್ದು
ಬೈದು, ತಾನೇ ಅತ್ತು ಬಂದಳು.
ಅತ್ತೆಯ ಎಡಗೆನ್ನೆ ಚೂರು ಊದಿದಂತಿತ್ತು.
ಹಲ್ಲುನೋವೇ? ಕೇಳಿದೆ.
ಹೌದೆಂದೂ ಅಲ್ಲವೆಂದೂ ನೋಡಿದರು.

ಗೇಟಿನಲ್ಲಿ ನಮ್ಮ ಚೀಲ ತೂಗಿದರು:
ಎರಡೂಕಾಲು ಕಿಲೋ ರಂಬುಟಾನ್, ಅರ್ಧ ಕಿಲೋ ಮ್ಯಾಂಗೋಸ್ಟೀನ್.
"ಅಜ್ಜೀ, ತೋಟ ಹೇಗಿತ್ತು?" ಎಂದ ಕಾವಲಿನವನಿಗೆ
ಅತ್ತೆ ಕೈಮುಗಿದರು, ದೇವರಿಗೆ ಮುಗಿದಷ್ಟು ಹೊತ್ತು.

ಆನೆಕಾಡು ಕಳೆದ ಮೇಲೆ
ಅಂಗೈ ಬಾಯಿಗೊಡ್ಡಿ ಮೆಲ್ಲಗೆ ಉಗಿದರು.
ಬಾದಾಮಿಯಷ್ಟು ಒದ್ದೆ ಬೀಜ, ನಾರು ಇನ್ನೂ ಮೈಗಂಟಿ.
"ಒಣಗಿದರೆ ಸತ್ತೇಹೋಗ್ತದೆ ಮಾರಾಯ್ತಿ,
ನಾಲಿಗೆಗೆ ತಾಗಿದ ಕೂಡಲೇ ಗೊತ್ತಾಯ್ತು."
ನಮ್ಮವರು ಓಮ್ನಿ ಬದಿಗೆ ಹಾಕಿ ನಕ್ಕರು.
ಮೂರು ಗಂಟೆಯ ಬಾಕಿ ಮಾತನ್ನೆಲ್ಲ ಅತ್ತೆ
ಮನೆ ಮುಟ್ಟುವುದರೊಳಗೆ ತೀರಿಸಿದರು,
ಟಿಕೆಟ್ಟಿನದೂ ಸೇರಿ.

ನಮ್ಮದು ಸಿಮೆಂಟಿನ ಅಂಗಳ.
ಪೇಂಟಿನ ಬಕೆಟ್ಟಿಗೆ ತೂತು ಕೊರೆದು ಹಾಕಿದ್ದಾರೆ.
ಇಪ್ಪತ್ತು ದಿನವಾಯಿತು, ಮೊಳಕೆ ಇನ್ನೂ ಕಂಡಿಲ್ಲ,
ಕೃತಿಕ್ ದಿನಾ ಕೆದಕಿ ಬೈಸಿಕೊಳ್ಳುತ್ತಾನೆ.
ಹಣ್ಣು ಬಿಡಲು ಹತ್ತು ವರ್ಷ ಬೇಕಂತೆ.
ನಮ್ಮ ಬಾಡಿಗೆ ಕರಾರು ಹನ್ನೊಂದು ತಿಂಗಳದು.
ಹೇಳಿ ನೋಡಿದೆ.
"ಬಕೆಟ್ಟಿಗೆ ಹಿಡಿಕೆ ಇದೆಯಲ್ಲ," ಎಂದರು.