ಅರವತ್ತೈದರ ಗೆರೆ

ಹೊಳಲು ಸರ್ಕಲ್ಲಿನ ಪೆಟ್ರೋಲ್ ಬಂಕಿನ ಮೂಲೆಯಲ್ಲಿ
ಹದಿನಾಲ್ಕು ವರ್ಷದಿಂದ ನಿಂತಿದೆ ನನ್ನ ಓಮ್ನಿ.
ಓಡುವುದಿಲ್ಲ.
ಓಡುವವರ ಉಸಿರು ನೋಡುವುದಷ್ಟೇ ಅದರ ಕೆಲಸ.

ಒಂದು ಕೊಳವೆ, ಒಂದು ಡಬ್ಬ, ಒಂದು ಕಂಪ್ಯೂಟರು,
ನಂಬರ್ ಪ್ಲೇಟಿಗೆ ಕಣ್ಣಿಟ್ಟ ಕ್ಯಾಮೆರಾ,
ಮತ್ತೆ ನಾನು, ಸಿದ್ದಾಜಮ್ಮ, ಗುತ್ತಲಿನವಳು.
ಡಾಕ್ಟರಿಗಿಂತ ಮರ್ಯಾದೆ ಕಡಿಮೆ,
ಕ್ಯೂ ಮಾತ್ರ ಅಷ್ಟೇ ಉದ್ದ.

‘ಗಾಡಿ ಯಾಕವ್ವ, ನಂಬರ್ ಬರ್ಕೊ, ಚೀಟಿ ಕೊಡು’
ಅಂದವನು ಬೆಲ್ಲದ ಟೆಂಪೊ ಬೋರಲಿಂಗ.
‘ಒತ್ತಣ್ಣ’ ಅಂದೆ.
ತೊಟ್ಟಿಲು ತೂಗುವವನ ಹಾಗೆ ಒತ್ತಿದ.
‘ಹಂಗಲ್ಲ. ಲೋಡು ತುಂಬ್ಕೊಂಡು ಏರು ಹತ್ತುವಾಗ
ಹೆಂಗೊತ್ತೀಯೋ, ಹಂಗೆ.’
ಕರಿ ಮೋಡವೊಂದು ಎದ್ದು, ಸುತ್ತಿ,
ಎಳನೀರಿನ ಗಾಡಿಯ ಮೇಲೆ ಕೂತಿತು.
ಮಾದೇಗೌಡ ಮಾತಾಡದೆ ಹೆಗಲ ಟವೆಲು ತೆಗೆದು
ಸ್ಟ್ರಾಗಳಿಗೆ ಹೊದಿಸಿದ.

ಎಂಬತ್ತೊಂದು.
ಆ ಕಾಲದ ಡೀಸೆಲ್ ಗಾಡಿಗೆ ಬಿಟ್ಟಿರುವುದು ಅರವತ್ತೈದು.

‘ಹದಿನಾರು ಜಾಸ್ತಿ, ಅಷ್ಟೇ ತಾನೆ?
ಆಕಾಸ ಏನು ನಿಮ್ಮಪ್ಪಂದಾ?’

ನಮ್ಮಪ್ಪನದು ಆಕಾಶವಲ್ಲ, ಆಟೊ. ಎರಡು ಸ್ಟ್ರೋಕಿನದು,
ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕಿತ್ತು,
ಹೋದಲ್ಲೆಲ್ಲ ನೀಲಿ ಬಾಲ.
ನಾನು ಕೆಲಸಕ್ಕೆ ಕೂತ ವರ್ಷವೇ ಅದಕ್ಕೊಂದು ಸುಳ್ಳು ಚೀಟಿ:
ಯಾರದೋ ಹೊಸ ಸ್ಕೂಟರಿನ ಉಸಿರು ಹಿಡಿದು
ಅಪ್ಪನ ನಂಬರು ಒತ್ತಿದೆ.
ಇವತ್ತಿಗೂ ಪೆಟ್ಟಿಗೆಯಲ್ಲಿದೆ ಆ ಚೀಟಿ. ಅಗ್ಗದ ಕಾಗದ,
ಅಕ್ಷರವೆಲ್ಲ ಹಾರಿ ಹೋಗಿದೆ.
ಅಪ್ಪ ಈಗಲೂ ಬೆಳಗಿನ ಜಾವ ಎದ್ದು ಕೂತು ಕೆಮ್ಮುತ್ತಾನೆ.
ಡಾಕ್ಟರು ಬೀಡಿ ಅಂತಾರೆ. ಇರಬಹುದು.
ಕೆಮ್ಮಿನಲ್ಲಿ ಯಾರ ನಂಬರ್ ಪ್ಲೇಟೂ ಕಾಣುವುದಿಲ್ಲ.

ಬೋರಲಿಂಗನಿಗೆ ಇದೇನೂ ಹೇಳಲಿಲ್ಲ.
‘ಏರ್ ಫಿಲ್ಟರ್ ಹಾಕ್ಸು, ನಾಜಲ್ ತೊಳ್ಸು’ ಅಂದೆ.
ಬೈದುಕೊಂಡು ಹೋದ.
ಬೈಗುಳವೂ ಕಪ್ಪಗೇ ಇತ್ತು.

ಅರವತ್ತೈದು ಅಂದರೆ ಚೊಕ್ಕಟ ಅಂತಲ್ಲ,
ಇಲ್ಲಿಗಂಟ ತಡ್ಕೋತೀವಿ ಅಂತ
ನೋಡದ ಊರಲ್ಲಿ ಯಾರೋ ಕೂತು ಎಳೆದ ಗೆರೆ.
ವರ್ಷ ವರ್ಷಕ್ಕೂ ಅದನ್ನು ಕೆಳಕ್ಕೆ ಇಳಿಸುತ್ತಾರೆ:
ಬಿಎಸ್ ಮೂರು, ನಾಲ್ಕು, ಆಮೇಲೆ ಆರು.
ನಡುವಿನ ಐದನ್ನು
ಹುಡುಗರು ಮೆಟ್ಟಿಲು ಹಾರಿದ ಹಾಗೆ ಹಾರಿಬಿಟ್ಟೆವು.
ಆರರ ಗಾಡಿಯ ಕೊಳವೆಗೆ ಬೆರಳು ಹಾಕಿ ನೋಡಿದ್ದೇನೆ.
ಹೊಟ್ಟೆಯಲ್ಲಿ ಜೇನುಗೂಡಿನಂಥ ಕೋಣೆಗಳಂತೆ,
ಹೊಗೆ ಅಲ್ಲೇ ಸೋಸಿ, ಸುಟ್ಟು, ಸುಮ್ಮನಾಗುತ್ತದಂತೆ.
ಬೆರಳಿಗೆ ಮಸಿ ಇರಲಿಲ್ಲ. ನನಗೇ ಸ್ವಲ್ಪ ಬೇಜಾರಾಯಿತು,
ಇನ್ನು ನನ್ನ ಕೆಲಸವೇನು ಅಂತ.

ನನ್ನದೊಂದು ಬೇರೆ ಲೆಕ್ಕ ಇದೆ, ಯಾವ ನಿಯಮದಲ್ಲೂ ಇಲ್ಲದ್ದು.
ಸೋಮವಾರ ಓಮ್ನಿಯ ಕನ್ನಡಿಗೆ
ಅಪ್ಪನ ಹಳೆ ಪಂಚೆಯ ತುಂಡೊಂದು ಕಟ್ಟುತ್ತೇನೆ,
ಶನಿವಾರ ಸಂಜೆ ಬಿಚ್ಚಿ ತಾರೀಕು ಬರೆದಿಡುತ್ತೇನೆ.
ಮೊದಲ ವರ್ಷದವು ಬಾಣಲೆ ತಳ.
ಈಗಿನವು ರಾಗಿ ಹಿಟ್ಟಿನ ಬಣ್ಣ.
ಸರ್ಕಲ್ಲಿನಲ್ಲಿ ಗಾಡಿ ಮೂರು ಪಟ್ಟಾದವು, ಮಸಿ ಆಗಲಿಲ್ಲ;
ಆ ಗೆರೆಗೆ ಅಷ್ಟು ಸಲ್ಲಲೇಬೇಕು.
ಆದರೆ ಬಂದವರೆಲ್ಲ ಪಾಸಾದ ವಾರವೂ
ಪಂಚೆ ಪಂಚೆಯ ಬಣ್ಣದಲ್ಲಿ ಉಳಿದದ್ದಿಲ್ಲ.
ಒಬ್ಬೊಬ್ಬರದೂ ಗೆರೆಯೊಳಗೇ. ಕೂಡಿಸುವವರು ಯಾರು?

ನಾಲ್ಕನೇ ದಿನ ಬೋರಲಿಂಗ ಬಂದ.
ಹೇಳುವ ಮುಂಚೆಯೇ ಪೂರ್ತಿ ಒತ್ತಿದ.
ಐವತ್ತೆಂಟು.
‘ಲೀಟರ್‌ಗೆ ಒಂದು ಕಿಲೋಮೀಟ್ರು ಜಾಸ್ತಿ ಬತ್ತಾದೆ ಕಣವ್ವ’ ಅಂದ
ಕದ್ದು ಸಿಕ್ಕಿಬಿದ್ದವನ ದನಿಯಲ್ಲಿ.
ಚೀಟಿ ಹರಿದುಕೊಟ್ಟೆ.
ಒಂದಚ್ಚು ಬೆಲ್ಲ ಕಂಪ್ಯೂಟರ್ ಮೇಲಿಟ್ಟು ಹೊರಟ.

ಆಚೆ ನೋಡಿದೆ.
ಮಾದೇಗೌಡ ಯಾರಿಗೋ ಎಳನೀರು ಕೆತ್ತುತ್ತಿದ್ದ.
ಟವೆಲು ಅವನ ಹೆಗಲ ಮೇಲೇ ಇತ್ತು.