ವರದಿಯ ಇಪ್ಪತ್ತಮೂರನೆಯ ಸಾಲು

ಬೆಳಗಿನ ನಾಲ್ಕಕ್ಕೆ ಈ ಕ್ರೀಡಾಂಗಣ ನಮ್ಮದು.
ಬಕೆಟ್ಟು, ಒರಸುವ ಕೋಲು, ಎಂಟು ಜನ ಹೆಂಗಸರು.
ಕಿತ್ತಳೆ ಬಣ್ಣದ ನೆಲ, ಅದರ ಮೇಲೆ ಉಪ್ಪು:
ಆಟಗಾರರ ಬೆವರಿನದು ಒಂದಿಷ್ಟು,
ಮಿಕ್ಕದ್ದು ಸರೋವರದ್ದು.
ಉರ್ಮಿಯಾದ ಸರೋವರ ಬತ್ತಿ ಬತ್ತಿ ಹುಡಿಯಾಗಿ
ಗಾಳಿ ಎದ್ದ ದಿನ ತಾನೇ ಊರೊಳಗೆ ಬರುತ್ತದೆ,
ಬಾಗಿಲ ಸಂದಿಯಲ್ಲಿ ನುಸುಳಿ
ಸರ್ವ್ ಮಾಡುವ ಗೆರೆಯ ಮೇಲೆ ಕೂರುತ್ತದೆ.
ಅದಕ್ಕೆ ಯಾರೂ ಟಿಕೆಟ್ ಕೇಳುವುದಿಲ್ಲ.

ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ಇಲ್ಲಿ ನೀರು ಮೊದಲು ಹೋಯಿತು.

ಮೊನ್ನೆ ರೇಡಿಯೋದಲ್ಲಿ ತಂಡದ ಪಟ್ಟಿ ಓದಿದರು.
ಮೂವತ್ತು ಹೆಸರು ಸೋಸಿ ಸೋಸಿ ಹದಿನಾಲ್ಕು.
ಚಹಾದ ಲೋಟ ಹಿಡಿದು ಉಸಿರು ಕಟ್ಟಿ ಕೇಳಿದೆವು.
ಫಿರಂಗೀಸಳ ಮೈದುನ ಎಲ್ಚಿನ್ ಹದಿನೈದನೆಯವನಂತೆ,
ಅಂದರೆ ಎಲ್ಲೂ ಇಲ್ಲದವನು.
ಮೊಣಕಾಲು ಸರಿಯಿಲ್ಲ ಅಂದರು.
ಶಮೀರಾನ್ ಸಕ್ಕರೆ ತುಂಡು ಹಲ್ಲಲ್ಲಿ ಕಚ್ಚಿಕೊಂಡೇ ಹೇಳಿದಳು:
ಮೊಣಕಾಲಲ್ಲ ಕಣೇ, ನಾಲಿಗೆ.
ತರಬೇತುದಾರನಿಗೆ ಎದುರು ಮಾತಾಡಿದ್ದ.
ಲಿಬೆರೊ ಇನ್ನೂ ಮೀಸೆ ಬಾರದ ಹುಡುಗ.
ಆ ಎಡಗೈಯವನನ್ನು ಈ ಸಲವೂ ಬೆಂಚಿನಲ್ಲೇ ಕೊಳೆಸುತ್ತಾರೆ ನೋಡು.

ನಮಗೆ ಹೇಗೆ ಗೊತ್ತು ಅಂತೀರಾ? ನೆಲ ನೋಡಿ.
ಯಾರು ಎಲ್ಲಿ ಬಿದ್ದರು, ಯಾರ ಬೂಟು ಎಲ್ಲಿ ತಿರುಚಿತು,
ಬೀಳಬೇಕಾದಲ್ಲಿ ಬೀಳದೆ ಯಾರು ಸುಮ್ಮನೆ ನಿಂತರು,
ಒರಸುವ ಕೈಗೆ ಎಲ್ಲ ಸಿಗುತ್ತದೆ.

ಪಂದ್ಯದ ದಿನ ಮಧ್ಯಾಹ್ನ ಎರಡಕ್ಕೆ ನಮ್ಮನ್ನು ಹೊರಗೆ ಕಳಿಸುತ್ತಾರೆ.
ಆರು ಸಾವಿರ ಗಂಡಸರು ಒಳಗೆ.
ನಾವು ಹಿಂದಿನ ಗೋಡೆಗೆ ಬೆನ್ನು ಕೊಟ್ಟು
ಸೂರ್ಯಕಾಂತಿ ಬೀಜ ಸುಲಿಯುತ್ತ ಆಟ ಕೇಳುತ್ತೇವೆ.
ಧಪ್ ಅಂದರೆ ಬ್ಲಾಕ್.
ಚಟೀರ್ ಅಂದರೆ ಗೆರೆಯೊಳಗೆ.
ಅಷ್ಟೂ ಜನ ಒಟ್ಟಿಗೆ ಉಸಿರೆಳೆದರೆ
ಚೆಂಡು ನೆಟ್ಟಿನ ಅಂಚಿನ ಮೇಲೆ ಕೂತು
ಯಾವ ಕಡೆ ಇಳಿಯಲಿ ಅಂತ ಯೋಚಿಸುತ್ತಿದೆ.

ಹೋದ ವಾರ ಹೊರದೇಶದ ತಪಾಸಣೆಯವರು ಬಂದರು.
ಇಬ್ಬರು ಗಂಡಸರು, ಒಬ್ಬ ಹೆಂಗಸು.
ಅವಳ ತಲೆಯ ಬಟ್ಟೆ ಹೊಸದು, ಜಾರುತ್ತಲೇ ಇತ್ತು.
ಬೆಳಕು ಅಳೆದರು, ನೆಲದಿಂದ ಒಂದು ಮೀಟರ್ ಮೇಲೆ.
ಗಾಳಿಯ ತೇವ ಅಳೆದರು. ಕಕ್ಕಸಿನ ನಲ್ಲಿ ತಿರುಗಿಸಿದರು.
ಚಾವಣಿಗೆ ಕೆಂಪು ಚುಕ್ಕೆ ಬಿಟ್ಟು
ಹನ್ನೆರಡೂವರೆ ಮೀಟರ್ ಇದೆ, ಸರಿ, ಅಂದರು.
ಆಮೇಲೆ ಅವಳು ಕೇಳಿದಳು:
ಹೆಂಗಸರು ಯಾವ ಬಾಗಿಲಿನಿಂದ ಬರುತ್ತಾರೆ?
ಅಧಿಕಾರಿ ನಮ್ಮ ಬಕೆಟ್ಟಿನ ಬಾಗಿಲು ತೋರಿಸಿದ.
ಸುಳ್ಳೇನಲ್ಲ.
ಅವಳು ಬರೆದುಕೊಂಡಳು. ಬರೆಯುತ್ತ ನನ್ನ ಕಡೆ ನೋಡಿದಳು.
ನಾನು ಬಟ್ಟೆ ಹಿಂಡಿದೆ.

ಪಂದ್ಯ ಇಲ್ಲಿಂದ ಎದ್ದು ಹೋಯಿತು, ಯಾವುದೋ ಸಮುದ್ರದಾಚೆಯ ಊರಿಗೆ.
ಹದಿನಾಲ್ಕು ಜನ ವಿಮಾನ ಹತ್ತಿದರು.
ನ್ಯಾಯವೇ ಆಯಿತು, ಅಂದಳು ಆಯ್ತಾಕ್.
ಆಗಿರಬಹುದು.
ನಮಗೆ ಹೊರಗಿನ ಗೋಡೆಯಾದರೂ ಇತ್ತು.

ವರದಿಯ ಒಂದು ಪ್ರತಿ ಕಚೇರಿಯ ಕಸದಬುಟ್ಟಿಗೆ ಬಂತು.
ಅಲ್ಲಿಂದ ನಮ್ಮ ಕೈಗೆ.
ಓದು ಬಲ್ಲ ಆಯ್ತಾಕ್ ಬೆರಳಿಟ್ಟು ಓದಿದಳು. ಇಪ್ಪತ್ತಮೂರನೆಯ ಸಾಲು:
‘ಚಾವಣಿಯ ಕಬ್ಬಿಣದ ತೊಲೆಗಳ ನಡುವೆ ಒಂದು ಚೆಂಡು.
ಯಾವಾಗಿನದೋ ತಿಳಿಯದು. ತೆಗೆಸತಕ್ಕದ್ದು.’

ನನಗೆ ತಿಳಿದಿದೆ.
ಒಂಬತ್ತು ವರ್ಷದ ಹಿಂದೆ, ನೌರೋಜ್ ಮುಗಿದ ಮೂರನೆಯ ದಿನ,
ರಬ್ಬರ್ ಚಪ್ಪಲಿ ಗೆರೆಯ ಹಿಂದೆ ಬಿಟ್ಟು,
ಒದ್ದೆ ಕೈಯನ್ನು ಲಂಗಕ್ಕೆ ಒರಸಿ,
ಕೆಳಗಿನಿಂದ ಬೀಸಿ ಹೊಡೆದದ್ದು.
ಏರಿತು, ಏರಿತು. ಎಂಟು ಕತ್ತುಗಳು ಹಿಂದೆ ಬಾಗಿದವು.
ಇಳಿಯಲಿಲ್ಲ.

ಚಾವಣಿಗೆ ತಗುಲಿದರೆ ಔಟು, ಸೊಲ್ಮಾಜ್,
ಅಂತ ಆಯ್ತಾಕ್ ಇವತ್ತಿಗೂ ಜಗಳಕ್ಕೆ ಬರುತ್ತಾಳೆ.
ಕೆಳಗೆ ಬೀಳಲಿ, ಆಮೇಲೆ ಹೇಳು, ಅನ್ನುತ್ತೇನೆ.