ಮೂರನೇ ಬಹುಮಾನ

ಮೊದಲ ಬಹುಮಾನ ಟಿವಿ. ಎರಡನೆಯದು ಕುಕ್ಕರ್, ಐದು ಲೀಟರಿನದು,
ಮಾಣಿಕಪ್ಪನ ಪಾಲಾಯಿತು.
ಮೂರನೆಯದು ನನಗೆ:
ಅಲ್ ಐನ್ ಉದ್ಯಾನಗಳ ಅರ್ಧ ದಿನದ ಪ್ರವಾಸ,
ಗೈಡ್ ಸಮೇತ, ಸಾರೋಟು ಸಮೇತ, ನೀರಿನ ಬಾಟಲಿ ಒಂದು ಉಚಿತ.

ಕ್ಯಾಂಪೆಲ್ಲ ಬಿದ್ದು ಬಿದ್ದು ನಕ್ಕಿತು.
ಹನ್ನೊಂದು ವರ್ಷ ಇದೇ ತೋಟಗಳ ಹೊಟ್ಟೆಯೊಳಗೆ
ರಾತ್ರಿ ಪಾಳಿಯಲ್ಲಿ ಪೈಪು ಹೂತವನು ನಾನು.
"ಹಗಲಿನಾಗ ಹ್ಯಾಂಗ ಕಾಣ್ತಾವೋ ನೋಡ್ಕೊಂಡು ಬಾ"
ಅಂದ ಮಾಣಿಕಪ್ಪ, ಇಸ್ತ್ರಿ ಮಾಡಿದ ತನ್ನ ಬಿಳಿ ಅಂಗಿ ಕೊಟ್ಟು.

ಎಂಟಕ್ಕೆ ಗೇಟು.
ಗೈಡಿನ ಹೆಸರು ಮಾರಿಸೆಲ್, ಹಳದಿ ಕೊಡೆ ಎತ್ತಿ ಹಿಡಿದವಳು.
ಜರ್ಮನಿಯ ಗಂಡ ಹೆಂಡತಿ, ಅವರ ಎರಡು ಮಕ್ಕಳು, ಒಬ್ಬಳು ಅಜ್ಜಿ, ನಾನು.
ಕುದುರೆಯ ಹೆಸರು ಸುಕ್ಕರ್. ನನ್ನ ಕಿವಿಗೆ ಸಕ್ಕರೆ.
ಬಾಲದ ಕೆಳಗೆ ಅದಕ್ಕೊಂದು ಚೀಲ ಕಟ್ಟಿದ್ದರು,
ರಸ್ತೆ ಹೊಲಸಾಗದಿರಲೆಂದು.
ಲಗಾಮು ಹಿಡಿದ ಗುಲಾಂ ಹೈದರ್, ಥಟ್ಟಾದವನು,
ನನ್ನ ಅಂಗೈ ನೋಡಿ ಒಂದೇ ಸಲಕ್ಕೆ ಗುರುತು ಹಿಡಿದ;
ಹಿಂದಿನ ಮೆತ್ತೆ ಬಿಡಿಸಿ ತನ್ನ ಪಕ್ಕದಲ್ಲೇ ಕೂರಿಸಿಕೊಂಡ.

ಪಿಟೂನಿಯಾ ಇಷ್ಟು ಕೆಂಪೆಂದು ಗೊತ್ತಿರಲಿಲ್ಲ.
ಟಾರ್ಚಿನ ಬೆಳಕಿಗೆ ಎಲ್ಲ ಹೂವೂ ಒಂದೇ ಬಣ್ಣ,
ಬೇಯಿಸಿದ ಈರುಳ್ಳಿಯ ಬಣ್ಣ.
ಇವನ್ನು ನಾನು ಹೆಸರಿನಿಂದ ಬಲ್ಲವನಲ್ಲ, ನಂಬರಿನಿಂದ:
ಇದು ಒಂಬತ್ತು, ವಾಲ್ವ್ ಬಿಗಿ, ಎರಡು ಕೈ ಬೇಕು.
ಅದು ಹನ್ನೊಂದು, ಅಲ್ಲಿ ಶಫಿಕುಲ್‌ನಿಗೆ ಚೇಳು ಕುಟುಕಿತ್ತು.
ಮಾರಿಸೆಲ್ ಹೇಳುತ್ತಲೇ ಇದ್ದಳು, ಮರುಭೂಮಿ, ಕನಸು, ದೂರದೃಷ್ಟಿ;
ನೀರು ಎಲ್ಲಿಂದ, ಎಂದು ಅಜ್ಜಿ ಕೇಳಿದಾಗ ಮಾತ್ರ
ಕೊಡೆಯನ್ನು ಎಡಗೈಗೆ ಬದಲಾಯಿಸಿ ನಕ್ಕಳು.
ಊರು ಮೈ ತೊಳೆದ ನೀರು, ಅಜ್ಜಿ,
ಸೋಸಿ, ನೇರಳೆ ಪೈಪಿನಲ್ಲಿ ತಿರುಗಿ ಬರುತ್ತದೆ.
ಬೆಳಿಗ್ಗೆ ಹೋಟೆಲಿನಲ್ಲಿ ನೀವು ಮಾಡಿದ ಸ್ನಾನ
ನಾಡಿದ್ದು ಈ ಹೂವಿಗೆ.
ಹೇಳಲಿಲ್ಲ. ಟಿಕೆಟ್ಟು ಪುಕ್ಕಟೆಯದು.

ಹದಿನಾಲ್ಕರ ಹತ್ತಿರ ಕೇಳಿಸಿತು,
ಬೇರೆ ಯಾರಿಗೂ ಅಲ್ಲ, ನನಗೆ, ಬಹುಶಃ ಕುದುರೆಗೆ,
ಹಾಲು ಉಕ್ಕುವ ಮೊದಲು ಪಾತ್ರೆ ಮಾಡುವಂಥ ಸದ್ದು.
ಜಾಯಿಂಟು ಬಿಚ್ಚಿದೆ.
ರೋಕೋ, ಅಂದೆ.
ಹೂ ಸರಿಸಿ, ಮಣ್ಣು ಕೆದರಿ, ಮುಚ್ಚಳ ಎತ್ತಿ
ಭುಜದವರೆಗೆ ಕೈ ಇಳಿಸಿದ ಮೇಲೆ ನೆನಪಾಯಿತು
ಅಂಗಿ ಮಾಣಿಕಪ್ಪನದು.
ನಾಲ್ಕು ಸುತ್ತು. ಸದ್ದು ನಿಂತಿತು.
ತಲೆಯೆತ್ತಿದರೆ ಮೂರು ಫೋನು ನನ್ನ ಕಡೆ.
ಇದೂ ಪ್ರವಾಸದ ಭಾಗವೆಂದುಕೊಂಡು ಅಜ್ಜಿ ಚಪ್ಪಾಳೆ ತಟ್ಟಿದಳು.
ಮಾರಿಸೆಲ್ ಒಂದು ಕ್ಷಣ ನನ್ನನ್ನೇ ನೋಡಿ,
ಇವರು ನಮ್ಮ ನೀರಿನವರು, ಅಂದಳು.

ಕೊನೆಗೆ ಹಳೆಯ ಖರ್ಜೂರದ ತೋಟ. ನೆರಳು.
ಕಲ್ಲುಗಾಲುವೆಯಲ್ಲಿ ಗೇಣು ನೀರು, ಅವಸರವಿಲ್ಲದ್ದು.
ಫಲಜ್, ಅಂದಳು; ಬೆಟ್ಟದ ಬುಡದಿಂದ ನೆಲದೊಳಗೇ ನಡೆದು ಬರುತ್ತದೆ,
ಪಂಪಿಲ್ಲ, ಮೋಟರಿಲ್ಲ, ಇಂಥದ್ದನ್ನು ನಿಮ್ಮಲ್ಲಿ ಯಾರೂ ನೋಡಿರಲಾರಿರಿ.
ನೋಡೀನಿ, ತಾಯಿ.
ಬೀದರಿನ ನೌಬಾದಿನಲ್ಲಿ, ಕರೇಜಿನ ಬಾಯಿಗೆ ಬೋರಲು ಮಲಗಿ
ಕಲ್ಲು ಬಿಟ್ಟು ಎಣಿಸುತ್ತಿದ್ದೆವು, ಒಂದು, ಎರಡು, ಮೂರು,
ಗುಳುಂ.
ಅಲ್ಲೂ ಪಂಪಿರಲಿಲ್ಲ. ನಮ್ಮ ಓಣಿಗೆ ಅದು ಕಸದ ಬಾವಿ.
ಅಲ್ ಐನ್ ಅಂದರೆ ಒರತೆ, ಕಣ್ಣು ಅಂತಲೂ ಹೌದು,
ಅಂದಳು ಮಾರಿಸೆಲ್. ಅಜ್ಜಿ ಬರೆದುಕೊಂಡಳು.
ನೀರಿನ ಕಣ್ಣಿಗೆ ನಾವು ಹಾಕಿದ್ದು
ಹರಿದ ಚಪ್ಪಲಿ, ಒಡೆದ ಬಾಟಲಿ, ಒಮ್ಮೆ ಸತ್ತ ನಾಯಿ.

ಗುಲಾಂ ಹೈದರ್ ಬಕೆಟ್ಟು ಇಟ್ಟ.
ಸಕ್ಕರೆ ಮೊದಲು ನನ್ನ ಒದ್ದೆ ತೋಳು ಮೂಸಿ
ಮೂಗು ಸಿಂಡರಿಸಿ ಮುಖ ತಿರುಗಿಸಿತು.
ಕುಡಿಯಲು ಯೋಗ್ಯವಲ್ಲ ಎಂದು
ಪೈಪಿನ ಮೇಲೆ ಮೂರು ಭಾಷೆಯಲ್ಲಿ ಬರೆದಿರುತ್ತದೆ,
ಓದು ಬಾರದ ಕುದುರೆಗೂ ಗೊತ್ತು.
ಉಚಿತ ಬಾಟಲಿ ತೆಗೆದು ಅದರ ಬಕೆಟ್ಟಿಗೇ ಸುರಿದೆ.

ಹನ್ನೆರಡೂವರೆಗೆ ಮುಗಿಯಿತು.
ಬಸ್ಸು ಹತ್ತುವಾಗ ಸೂಪರ್‌ವೈಸರನ ಫೋನು,
ಹದಿನಾಲ್ಕು ಯಾರು ಬಂದ್ ಮಾಡಿದ್ದು?
ನಾನು.
ಪಾಳಿ ಇಲ್ಲದವನು ಅಲ್ಲೇನು ಮಾಡುತ್ತಿದ್ದೆ?
ಹೂ ನೋಡುತ್ತಿದ್ದೆ.
ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ.
ಅವನದೂ ಹದಿನೆಂಟು ವರ್ಷದ ರಾತ್ರಿ ಪಾಳಿ.
ಆಮೇಲೆ, ದನಿ ತಗ್ಗಿಸಿ,
ಯಾವ ಬಣ್ಣ, ಅಂದ.